ಪುನಾರಂಭ, ಪುನರಾರಂಭ, ಮರುಆರಂಭ: ಯಾವುದು ಸರಿ, ಎಲ್ಲಿ ಯಾವುದು?

ವಾಚನಪ್ರಿಯೆ:
ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ನೋಟಿಸ್ ಬರೆಯಬೇಕಿತ್ತು, ಮೊದಲ ಸಾಲೇ ಮುಂದಕ್ಕೆ ಹೋಗುತ್ತಿಲ್ಲ. ನಮ್ಮ ಭಾರತ ವಾಚನ, ಅಂದರೆ ಮಹಾಭಾರತವನ್ನು ಹಾಡಿ ಓದುವುದು, ಅರ್ಧಕ್ಕೆ ನಿಂತುಹೋಗಿತ್ತು, ಹಾಡುವವರಿಗೆ ಗಂಟಲು ಕೈಕೊಟ್ಟಿತ್ತು. ಈಗ ಮತ್ತೆ ಶುರು ಮಾಡುತ್ತಿದ್ದೇವೆ. "ವಾಚನ ಪುನಾರಂಭ" ಅಂತ ಒಂದು ಕರಡು ಮಾಡಿದೆವು. ಒಬ್ಬರು ಅದು "ಪುನರಾರಂಭ" ಆಗಬೇಕು ಅಂದರು. ಇನ್ನೊಬ್ಬರು ಸಂಸ್ಕೃತ ಯಾಕೆ, "ಮರುಆರಂಭ" ಅಂತ ಹಾಕಿ ಅಂದರು. ಪೇಪರಿನಲ್ಲಿ ಮೂರೂ ಕಣ್ಣಿಗೆ ಬಿದ್ದಿವೆ. ಯಾವುದು ಸರಿ? ಮೂರಕ್ಕೂ ಅರ್ಥ ಒಂದೇನಾ?

ಸಂಧಿಕಾರ್ಯ:
ಕಾಗುಣಿತದ ಪ್ರಶ್ನೆಗೆ ಉತ್ತರ ಸುಲಭ ಇದೆ ಮೇಡಂ. ಪುನರ್ ಮತ್ತು ಆರಂಭ ಸೇರಿದರೆ ಪುನರಾರಂಭ. ರ್ ಜೊತೆ ಆ ಕೂಡಿ ರಾ ಆಗುತ್ತದೆ, ಅಷ್ಟೇ. ನಕಾರಕ್ಕೆ ದೀರ್ಘ ಬರಲು ಕಾರಣವೇ ಇಲ್ಲ. ಹಾಗಾಗಿ ಪುನಾರಂಭ ತಪ್ಪು.

ಆದರೆ ಈ ತಪ್ಪು ಸುಮ್ನೆ ಬಂದದ್ದಲ್ಲ. "ಸಂಪುಟ ಪುನಾರಚನೆ" ಅನ್ನುವುದನ್ನು ನಾವೆಲ್ಲ ಓದಿದ್ದೇವೆ. ಅಲ್ಲಿ ಪುನರ್ ಮುಂದೆ ರಚನೆ ಬಂದಿದೆ. ಎರಡು ರಕಾರ ಒಂದಕ್ಕೊಂದು ತಾಗಿದಾಗ ಮೊದಲನೆಯದು ಬಿದ್ದುಹೋಗಿ ಅದರ ಹಿಂದಿನ ಸ್ವರ ಉದ್ದವಾಗುತ್ತದೆ. ಪಾಣಿನಿಯ "ರೋ ರಿ" ಸೂತ್ರ ಈ ರಕಾರ ಬೀಳುವುದಕ್ಕೇ ಇರುವುದು. ಆದ್ದರಿಂದ ಪುನಾರಚನೆ ಸರಿಯಾದ ರೂಪ. ಕನ್ನಡದಲ್ಲಿ ಪುನರ್‌ರಚನೆ ಅಂತ ಬಿಡಿಸಿ ಬರೆಯುವುದೂ ರೂಢಿಯಲ್ಲಿದೆ, ಅದಕ್ಕೆ ಜಗಳ ಬೇಡ. ಪುನಾರಚನೆಯ ದೀರ್ಘವನ್ನು ತಂದು ಆರಂಭಕ್ಕೂ ಅಂಟಿಸಿದ್ದರಿಂದ ಪುನಾರಂಭ ಹುಟ್ಟಿಕೊಂಡಿದೆ.

ಇನ್ನೊಂದು ಮಾತು. ಪುನರ್ ಎಲ್ಲ ಕಡೆ ರ್ ಉಳಿಸಿಕೊಳ್ಳುವುದಿಲ್ಲ. ಪುನರ್ಜನ್ಮ, ಪುನರ್ವಸತಿ, ಪುನರುತ್ಥಾನ ಸರಿ. ಚಕಾರದ ಮುಂದೆ ಪುನಶ್ಚೇತನ ಆಗುತ್ತದೆ. ಪಕಾರದ ಮುಂದೆ ವಿಸರ್ಗ ಹಾಗೇ ನಿಲ್ಲುತ್ತದೆ, ಪುನಃಪರಿಶೀಲನೆ, ಪುನಃಪ್ರಾರಂಭ. "ಪುನರ್‌ಪರಿಶೀಲನೆ" ಅಂತ ಬರೆಯುವುದು ಈಗ ತುಂಬಾ ಜಾಸ್ತಿ ಆಗಿದೆ, ದಯವಿಟ್ಟು ಬಿಡಿ.

ಕರಡು ತಿದ್ದುವವ:
ಮೇಲಿನವರ ಮಾತು ಒಪ್ಪುತ್ತೇನೆ. ನನ್ನ ದಿನದ ಕೆಲಸವೇ ಇದು. ಪುನಾರಂಭ ಕಂಡರೆ ಪುನರಾರಂಭ ಮಾಡುತ್ತೇನೆ. ಅದಕ್ಕಿಂತ ಜಾಸ್ತಿ ತಿದ್ದುವುದು "ಮತ್ತೆ ಪುನರಾರಂಭ", "ಪುನಃ ಪುನರಾರಂಭ" ಅನ್ನುವ ಜೋಡಿಗಳನ್ನು. ಪುನರ್ ಅಂದರೇ ಮತ್ತೆ. ಒಂದು ಸಲ ಹೇಳಿದರೆ ಸಾಕು.

ವಾಚನಪ್ರಿಯೆ:
ಇಬ್ಬರಿಗೂ ಧನ್ಯವಾದ. ಪುನರಾರಂಭ ಅಂತಲೇ ಇಟ್ಟುಕೊಂಡೆವು. ಈಗ ಹೊಸ ತಕರಾರು. ಕರಡನ್ನು ಗುಂಪಿಗೆ ಹಾಕಿದ ಕೂಡಲೇ ನಾಲ್ಕಾರು ಜನ ಕೇಳಿದ್ದು ಒಂದೇ ಪ್ರಶ್ನೆ: "ಆದಿಪರ್ವದಿಂದ ಶುರುವಾ, ವಿರಾಟಪರ್ವದಲ್ಲಿ ಬಿಟ್ಟ ಕಡೆಯಿಂದಲಾ?" ನಿಜಕ್ಕೂ ಈ ಪದ ಅದನ್ನು ಹೇಳುವುದೇ ಇಲ್ಲ ಅಲ್ವಾ? ಯಾವ ಪದ ಹೇಳುತ್ತದೆ?

ಅಂಗಳದಾಚೆ:
ಇದೇ ನೋಡಿ ಅಸಲಿ ಪ್ರಶ್ನೆ. ಕಾಗುಣಿತ ಯಾರು ಬೇಕಾದರೂ ತಿದ್ದುತ್ತಾರೆ. "ಮತ್ತೆ ಶುರು" ಅನ್ನುವುದರ ಹೊಟ್ಟೆಯಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು, ನಿಂತಲ್ಲಿಂದ ಹೊರಡುವುದು. ಇನ್ನೊಂದು, ಹಿಂದಿನದನ್ನು ಅಳಿಸಿ ಮೊದಲಿಂದ ಹೊರಡುವುದು.

ಕ್ರಿಕೆಟ್‌ನಲ್ಲಿ ಎರಡೂ ಆಗಿದೆ. 2019ರ ವಿಶ್ವಕಪ್ ಸೆಮಿಫೈನಲ್, ಮ್ಯಾಂಚೆಸ್ಟರ್, ಜುಲೈ 9. ನ್ಯೂಜಿಲೆಂಡ್ 46.1 ಓವರಿಗೆ 5 ವಿಕೆಟ್ ಕಳೆದುಕೊಂಡು 211 ಮಾಡಿದ್ದಾಗ ಮಳೆ ಹಿಡಿಯಿತು. ಮರುದಿನ ಆಟ ಶುರುವಾದದ್ದು ಆ ಅರ್ಧ ಓವರಿನ ಎರಡನೇ ಎಸೆತದಿಂದ. ಉಳಿದದ್ದು 23 ಎಸೆತ. ಅವರು 239 ಮಾಡಿದರು, ನಾವು 18 ರನ್‌ನಿಂದ ಸೋತೆವು.

ಈಗ 2002ರ ಚಾಂಪಿಯನ್ಸ್ ಟ್ರೋಫಿ ಫೈನಲ್ ನೋಡಿ, ಕೊಲಂಬೊ, ಸೆಪ್ಟೆಂಬರ್ 29. ಶ್ರೀಲಂಕಾ 50 ಓವರ್ ಆಡಿ 244 ಮಾಡಿತು. ಭಾರತ 2 ಓವರ್ ಆಡುವಷ್ಟರಲ್ಲಿ ಮಳೆ. ಮರುದಿನ ಅದೇ ಎರಡು ತಂಡ, ಅದೇ ಮೈದಾನ, ಆದರೆ ಹಿಂದಿನ ದಿನದ ಲೆಕ್ಕ ಪೂರ್ತಿ ರದ್ದು. ಶ್ರೀಲಂಕಾ ಮತ್ತೆ 50 ಓವರ್ ಆಡಿತು, ಈ ಸಲ 222. ಭಾರತ 8.4 ಓವರ್ ಆಡಿದಾಗ ಮತ್ತೆ ಮಳೆ. ಕೊನೆಗೆ ಎರಡೂ ತಂಡ ಜಂಟಿ ವಿಜೇತರು. ಎರಡು ದಿನ ಸೇರಿ 110 ಓವರ್ ಆಟ ನಡೆದರೂ ಫಲಿತಾಂಶ ಇಲ್ಲ.

ಎರಡು ಸಂದರ್ಭಕ್ಕೂ "ಮರುದಿನ ಪಂದ್ಯ ಪುನರಾರಂಭವಾಯಿತು" ಅಂತ ಬರೆದರೆ ಓದುವವನಿಗೆ ಏನು ತಿಳಿಯುತ್ತದೆ? ಮೊದಲನೆಯದು ಪುನರಾರಂಭ ಅಥವಾ ಮುಂದುವರಿಕೆ. ಎರಡನೆಯದು ಮರುಪಂದ್ಯ. ನನ್ನ ಮಟ್ಟಿಗೆ ಈ ಗೆರೆ ಸ್ಪಷ್ಟ ಇದೆ.

ಕರಡು ತಿದ್ದುವವ:
ಒಳ್ಳೆ ಉದಾಹರಣೆ ಸರ್. ಅದನ್ನೇ ಹಿಡಿದು ನೋಡಿದರೆ ನಮ್ಮ "ಮರು" ಬಹುಮಟ್ಟಿಗೆ ಆ ಎರಡನೇ ಕೆಲಸವನ್ನೇ ಮಾಡುತ್ತಿದೆ. ಮರುಮತದಾನ ಅಂದರೆ ಆ ಮತಗಟ್ಟೆಯ ಹಳೇ ಮತ ಲೆಕ್ಕಕ್ಕಿಲ್ಲ. ಮರುಪರೀಕ್ಷೆ ಅಂದರೆ ಹೊಸ ಪ್ರಶ್ನೆಪತ್ರಿಕೆ, ಹೊಸ ಉತ್ತರ. ಮರುಎಣಿಕೆಗೆ ಒಂದರಿಂದ ಎಣಿಸಬೇಕು. 2020ರ ಮಾರ್ಚ್ ಕೊನೆಗೆ ದೂರದರ್ಶನದಲ್ಲಿ ರಾಮಾಯಣ ಮತ್ತೆ ಬಂತಲ್ಲ, ಅದು ಮರುಪ್ರಸಾರ. ಆಗ ನಿಂತುಹೋಗಿದ್ದ ಬೇರೆ ಧಾರಾವಾಹಿಗಳ ಚಿತ್ರೀಕರಣ ಕೆಲವು ತಿಂಗಳಾದ ಮೇಲೆ ಶುರುವಾಯಿತು, ಅದು ಪುನರಾರಂಭ. ಯಾರೂ ಕೂತು ನಿಯಮ ಮಾಡಲಿಲ್ಲ, ಆದರೂ ಭಾಷೆ ಎರಡನ್ನೂ ಬೇರೆ ಇಟ್ಟಿದೆ.

ಸಂಧಿಕಾರ್ಯ:
ಮರುವನ್ನು ಇಷ್ಟು ಸಲೀಸಾಗಿ ಕಟ್ಟಿಹಾಕಲು ಆಗುವುದಿಲ್ಲ. ಹಳಗನ್ನಡದಲ್ಲಿ ಅದು ಶಕಟರೇಫದ, ಅಂದರೆ ಱ ಅನ್ನುವ ಹಳೇ ಅಕ್ಷರದ, ಮಱು. ತಮಿಳಿನಲ್ಲೂ ಅದೇ ಪದ ಇದೆ. ಮೂಲದಲ್ಲಿ "ಇನ್ನೊಂದು, ಬೇರೆ, ಮುಂದಿನ" ಅನ್ನುವ ಅರ್ಥ. ಮರುದಿನ ಅಂದರೆ ಅದೇ ದಿನ ಮತ್ತೆ ಬಂದದ್ದಲ್ಲ, ಮುಂದಿನ ದಿನ. ಮರುಮಾತು ಅಂದರೆ ತಿರುಗಿ ಆಡುವ ಮಾತು. ಮರುಪಾವತಿಯಲ್ಲಿ ಹಣ ವಾಪಸ್ ಹೋಗುತ್ತದೆ. ಹೀಗೆ ಮುಂದಿನದು, ತಿರುಗಿ ಬಂದದ್ದು, ಎರಡನೇ ಸಲ ಮಾಡಿದ್ದು, ಮೂರೂ ಅದರಲ್ಲಿವೆ. ಕೆಲಸದ ಹೆಸರಿನ ಹಿಂದೆ ಬಂದಾಗ ಮೂರನೇ ಅರ್ಥ ಮೇಲಾಗುತ್ತದೆ, ಅಷ್ಟು ಹೇಳಬಹುದು.

ಇನ್ನು ಮರುಆರಂಭ. ಮರು ಕನ್ನಡ, ಆರಂಭ ಸಂಸ್ಕೃತ. ಹೀಗೆ ಎರಡನ್ನು ಬೆಸೆಯುವುದನ್ನು ವ್ಯಾಕರಣಕಾರರು ಅರಿಸಮಾಸ ಅಂತ ಕರೆದರು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅದನ್ನು ಒಪ್ಪುವುದಿಲ್ಲ, ರೂಢಿಯಲ್ಲಿ ನಿಂತ ಕೆಲವಕ್ಕೆ ಮಾತ್ರ ಬಿಟ್ಟುಕೊಡುತ್ತಾನೆ.

ಅಂಗಳದಾಚೆ:
ಹಾಗಂತ ಮರುಜನ್ಮ, ಮರುಮುದ್ರಣ, ಮರುಪರೀಕ್ಷೆ ಎಲ್ಲ ಬಿಟ್ಟುಬಿಡೋಣವಾ ಸರ್?

ಸಂಧಿಕಾರ್ಯ:
ಬೇಡ, ಖಂಡಿತ ಬೇಡ. ಅವು ರೂಢಿಯಲ್ಲಿ ನಿಂತಾಗಿದೆ, ಕೇಶಿರಾಜನೇ ರೂಢಿಗೆ ಜಾಗ ಕೊಟ್ಟಿದ್ದಾನೆ. ಮರುಆರಂಭದ ಬಗ್ಗೆ ನನ್ನ ತಕರಾರು ಕಿವಿಯದ್ದು. ಉ ಆದ ಮೇಲೆ ಆ ಬಂದು ಎರಡು ಸ್ವರ ಡಿಕ್ಕಿ ಹೊಡೆಯುತ್ತವೆ. "ಮರುವಾರಂಭ" ಅಂತ ವಕಾರ ಹಾಕಿದರೆ ಯಾವುದೋ ವಾರದ ಹೆಸರಿನ ಹಾಗೆ ಕೇಳುತ್ತದೆ. ಮರುಪ್ರಾರಂಭ ಅಂದರೆ ಆ ತೊಂದರೆ ಇಲ್ಲ.

ಪರದೆಯ ಕನ್ನಡ:
ನಾನು ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ, ಈ ಚರ್ಚೆ ನಮಗೆ ಹೊಟ್ಟೆಪಾಡು. ಫೋನಿನಲ್ಲಿ ಕನ್ನಡ ಹಾಕಿಕೊಂಡವರು "ಮರುಪ್ರಾರಂಭಿಸಿ" ನೋಡಿರುತ್ತೀರಿ. ಅದು ರೀಸ್ಟಾರ್ಟ್. ಒತ್ತಿದರೆ ಯಂತ್ರ ಆರಿ, ತಾತ್ಕಾಲಿಕ ನೆನಪಿನಲ್ಲಿದ್ದದ್ದೆಲ್ಲ ಖಾಲಿಯಾಗಿ, ಮೊದಲಿಂದ ಏಳುತ್ತದೆ. ಉಳಿಸದೆ ಬಿಟ್ಟ ಬರಹ ಹೋದ ಹಾಗೇ. "ಪುನರಾರಂಭಿಸಿ" ರೆಸ್ಯೂಮ್‌ಗೆ ಬರುತ್ತದೆ, ಅರ್ಧಕ್ಕೆ ನಿಂತ ಡೌನ್‌ಲೋಡ್ ನಿಂತ ಕಡೆಯಿಂದ ಮುಂದಕ್ಕೆ ಹೋಗುತ್ತದೆ. "ಮರುಹೊಂದಿಸಿ" ಅಂದರೆ ರೀಸೆಟ್, ಅದು ನಿಮ್ಮ ಹೊಂದಾಣಿಕೆಗಳನ್ನೇ ಅಳಿಸುತ್ತದೆ.

ಈ ಮೂರು ಗುಂಡಿ ಅಕ್ಕಪಕ್ಕ ಇದ್ದಾಗ ಏನಾಗುತ್ತದೆ ಅಂತ ಒಂದು ಸಲ ಹತ್ತಿರದಿಂದ ನೋಡಿದ್ದೇನೆ. ಒಬ್ಬ ಹಿರಿಯರು, ಕನ್ನಡ ಚೆನ್ನಾಗಿ ಓದುವವರು, ಪರದೆಯ ಮೇಲೆ ಬೆರಳನ್ನು ಅರ್ಧ ಇಂಚು ಎತ್ತರಕ್ಕೆ ಹಿಡಿದುಕೊಂಡು ಪುನರಾರಂಭಿಸಿಯಿಂದ ಮರುಪ್ರಾರಂಭಿಸಿಗೆ, ಅಲ್ಲಿಂದ ಮತ್ತೆ ಹಿಂದಕ್ಕೆ ಓಡಾಡಿಸುತ್ತಾ ಕೂತರು. ಒತ್ತಲಿಲ್ಲ. "ಎರಡೂ ಒಂದೇ ತಾನೆ, ಎರಡು ಯಾಕೆ ಕೊಟ್ಟಿದ್ದಾರೆ" ಅಂದರು. ಅವರಿಗೆ ಕನ್ನಡ ಬಾರದೆ ಹಾಗಾಗಲಿಲ್ಲ. ನಾವು ಮಾಡಿಕೊಂಡ ಗೆರೆ ನಮಗೆ ಮಾತ್ರ ಗೊತ್ತಿತ್ತು. ಆಮೇಲೆ ಅಲ್ಲಿ "ನಿಂತಲ್ಲಿಂದ ಮುಂದುವರಿಸಿ" ಮತ್ತು "ಆರಿಸಿ ಮತ್ತೆ ಆನ್ ಮಾಡಿ" ಅಂತ ಬದಲಾಯಿಸಿದೆವು. ಗುಂಡಿ ಸ್ವಲ್ಪ ಅಗಲ ಆಯಿತು, ಆಗಲಿ.

ಅದಕ್ಕೇ ಅಂಗಳದಾಚೆಯವರಿಗೆ ಒಂದು ಮಾತು: ಗೆರೆ ಸ್ಪಷ್ಟ ಇದೆ ಅಂದಿರಿ. ನಿಮಗೂ ನನಗೂ ಇದೆ. ಪದದಲ್ಲಿ ಇಲ್ಲ.

ವಾಯಿದೆ:
ಕೋರ್ಟಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಅಲ್ಲಿ ಈ ವ್ಯತ್ಯಾಸದಿಂದ ವರ್ಷಗಳೇ ಹೋಗುತ್ತವೆ. ಮ್ಯಾಜಿಸ್ಟ್ರೇಟರು ವಿಚಾರಣೆ ಅರ್ಧ ಮಾಡಿ ವರ್ಗವಾದರೆ, ಹೊಸಬರು ಎಲ್ಲಿಂದ ಶುರು ಮಾಡಬೇಕು? 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆ 326ನೇ ಕಲಂ ಇತ್ತು, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ನಿಯಮ ಇದೆ: ಹಿಂದಿನವರು ದಾಖಲಿಸಿದ ಸಾಕ್ಷ್ಯವನ್ನೇ ಇಟ್ಟುಕೊಂಡು ಮುಂದೆ ಹೋಗಬಹುದು. ಅಗತ್ಯ ಬಿದ್ದರೆ ಯಾವುದಾದರೂ ಸಾಕ್ಷಿಯನ್ನು ಮತ್ತೆ ಕರೆಸಬಹುದು. ಆದರೆ ಸಂಕ್ಷಿಪ್ತ ವಿಚಾರಣೆಗೆ ಈ ಅನುಕೂಲ ಇಲ್ಲ. ಅಲ್ಲಿ ಸಾಕ್ಷ್ಯವನ್ನು ಪೂರ್ತಿಯಾಗಿ ಬರೆದುಕೊಳ್ಳುವುದಿಲ್ಲ, ಸಾರಾಂಶ ಮಾತ್ರ ಇರುತ್ತದೆ. ಸಾಕ್ಷಿ ನುಡಿದದ್ದನ್ನು ಕಣ್ಣಾರೆ ನೋಡದವರು ಆ ಸಾರಾಂಶದ ಮೇಲೆ ತೀರ್ಪು ಕೊಡಲು ಆಗುವುದಿಲ್ಲ, ಆದ್ದರಿಂದ ಮೊದಲಿಂದ.

ಕಕ್ಷಿದಾರರು ಬಂದು "ನಮ್ಮ ಕೇಸು ಮತ್ತೆ ಶುರುವಾಯಿತಂತೆ" ಅನ್ನುತ್ತಾರೆ. ಆ ಒಂದು ಮಾತಿನಿಂದ ಸಂತೋಷಪಡಬೇಕೋ ತಲೆ ಮೇಲೆ ಕೈ ಇಟ್ಟುಕೊಳ್ಳಬೇಕೋ ಗೊತ್ತಾಗುವುದಿಲ್ಲ. ತಡೆಯಾಜ್ಞೆ ತೆರವಾಗಿ ವಿಚಾರಣೆ ಮುಂದುವರಿದರೆ ಒಳ್ಳೆ ಸುದ್ದಿ. ಮರುವಿಚಾರಣೆಗೆ ವಾಪಸ್ ಬಂದಿದ್ದರೆ ಸಾಕ್ಷಿಗಳೆಲ್ಲ ಮತ್ತೆ ಕಟಕಟೆ ಹತ್ತಬೇಕು, ಅಷ್ಟರಲ್ಲಿ ಯಾರು ಬದುಕಿದ್ದಾರೆ, ಯಾರಿಗೆ ನೆನಪಿದೆ?

ಶಾಸನ ಸಭೆಯಲ್ಲೂ ಹೀಗೇ. ಕಲಾಪ ಮುಂದೂಡಿ ಮತ್ತೆ ಸೇರಿದರೆ ಬಿಟ್ಟ ಕಡೆಯಿಂದ. ಲೋಕಸಭೆಯೇ ವಿಸರ್ಜನೆಯಾದರೆ ಅಲ್ಲಿ ಬಾಕಿ ಇದ್ದ ಮಸೂದೆ ಬಿದ್ದುಹೋಗುತ್ತದೆ. ಮಹಿಳಾ ಮೀಸಲಾತಿ ಮಸೂದೆಗೆ 1996ರಿಂದ ಆದದ್ದು ಅದೇ. 2010ರಲ್ಲಿ ರಾಜ್ಯಸಭೆ ಒಪ್ಪಿತ್ತು, 2014ರಲ್ಲಿ ಲೋಕಸಭೆ ಅವಧಿ ಮುಗಿದಾಗ ಆ ಒಪ್ಪಿಗೆಯೂ ಅದರ ಜೊತೆ ಹೋಯಿತು. 2023ರಲ್ಲಿ ಬಂದದ್ದು ಹೊಸ ಮಸೂದೆ, ಹೊಸದಾಗಿ ಎರಡೂ ಸದನ. ಅದನ್ನು ಪುನರಾರಂಭ ಅಂದರೆ ತಪ್ಪಾಗುತ್ತದೆ.

ಹೊಳ್ಳಿನೋಡು:
ಇಷ್ಟು ಹೊತ್ತು ಎಲ್ಲರೂ ಬರೆಯುವ ಕನ್ನಡವನ್ನೇ ಹಿಡಿದುಕೊಂಡಿದ್ದೀರಿ. ಆಡುವ ಕನ್ನಡದಲ್ಲಿ ಪುನರಾರಂಭ ಯಾರು ಅಂತಾರೆ? ನಮ್ಮ ಧಾರವಾಡದ ಕಡೆ "ಹೊಳ್ಳಿ ಚಾಲೂ ಮಾಡು" ಅಂತಾರೆ. ಹೊಳ್ಳು ಅಂದರೆ ತಿರುಗು. "ಹೊಳ್ಳಿ ಬಾ", "ಹೊಳ್ಳಿ ನೋಡು". ಮೈಸೂರು ಕಡೆಯವರು "ತಿರುಗಾ ಶುರು ಮಾಡು" ಅನ್ನುತ್ತಾರಲ್ಲ, ಅದೂ ಅದೇ, ತಿರುಗಿ. ಬರಹದ "ಮರಳಿ" ಕೂಡ ಹಿಂದಕ್ಕೆ ಬರುವುದೇ. ನೋಡಿ, ಆಡುಮಾತಿನಲ್ಲಿ ಮತ್ತೆ ಶುರು ಮಾಡುವುದು ಅಂದರೆ ಒಂದು ಜಾಗಕ್ಕೆ ತಿರುಗಿ ಬರುವುದು. ಯಾವ ಜಾಗ ಅಂತ ಬೇಕಾದರೆ ಮುಂದೆ ಒಂದು ಮಾತು ಹಾಕುತ್ತೇವೆ. "ಮೊದಲಿಂದ ಹೊಳ್ಳಿ ಓದು" ಅಂದರೆ ಒಂದು. "ಬಿಟ್ಟಲ್ಲಿಂದ ಓದು" ಅಂದರೆ ಇನ್ನೊಂದು. ಮಗುವಿಗೂ ಗೊಂದಲ ಆಗುವುದಿಲ್ಲ.

ತೆಂಗಿನ ನೆರಳು:
ನಮ್ಮ ದಕ್ಷಿಣ ಕನ್ನಡದಲ್ಲಿ "ಪುನಃ" ಮನೆ ಮಾತೇ. "ಪುನಃ ಹೇಳಿ", "ಪುನಃ ಶುರು ಮಾಡುವ". ಯಾರೂ ಅದನ್ನು ಸಂಸ್ಕೃತ ಅಂತ ನೆನೆಸಿಕೊಂಡು ಆಡುವುದಿಲ್ಲ. ಆದರೆ "ಮತ್ತೆ" ಅಂದರೆ ಜಾಗ್ರತೆ. ನಮ್ಮಲ್ಲಿ "ಮತ್ತೆ ಶುರು ಮಾಡುವ" ಅಂದರೆ ಆಮೇಲೆ ಶುರು ಮಾಡುವ, ಈಗ ಬೇಡ. ಬೆಂಗಳೂರಿನವರು ಅದನ್ನು "ಇನ್ನೊಮ್ಮೆ ಶುರು ಮಾಡೋಣ" ಅಂತ ತಿಳಿದು ಎದ್ದು ನಿಲ್ಲುವುದು ನೋಡಿದ್ದೇನೆ. ಆದ್ದರಿಂದ ಎಲ್ಲ ಕಡೆಗೆ ಹೋಗುವ ನೋಟಿಸಿನಲ್ಲಿ ಬರೀ "ಮತ್ತೆ" ಸಾಕಾಗುವುದಿಲ್ಲ.

ಹೊನ್ನಾರು:
ಇನ್ನೊಂದು ಇದೆ, ಯಾರೂ ಹೇಳಲಿಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ "ಆರಂಭ" ಅಂದರೇ ಬೇಸಾಯ. ಆರಂಭಗಾರ ಅಂದರೆ ರೈತ. "ಅವರ ಮನೇಲಿ ಆರಂಭ ಜೋರು" ಅಂದರೆ ಜಮೀನು ಕೆಲಸ ಚೆನ್ನಾಗಿ ನಡೆಯುತ್ತಿದೆ ಅಂತ. ಯುಗಾದಿ ಆದ ಮೇಲೆ ಹೊನ್ನಾರು ಕಟ್ಟುವುದು, ಅಂದರೆ ವರ್ಷದ ಮೊದಲ ಉಳುಮೆ, ಇಡೀ ಊರಿನ ಮತ್ತೆ ಶುರು. ಅದಕ್ಕೆ ಪುನರ್ ಅನ್ನುವ ಬಾಲ ಯಾರೂ ಹಚ್ಚಲಿಲ್ಲ. ಈ ಚರ್ಚೆಗೆ ಸ್ವಲ್ಪ ಪಕ್ಕದ ವಿಷಯ, ಆದರೂ ಆ ಪದ ಮರೆಯಾಗುತ್ತಿದೆ, ಅದಕ್ಕೇ ಬರೆದೆ.

ಸಂಧಿಕಾರ್ಯ:
ಪಕ್ಕದ್ದೇನಲ್ಲ, ಚೆನ್ನಾಗಿದೆ. ಹಾಗೆ ನೋಡಿದರೆ "ಪುನಶ್ಚ ಹರಿಃ ಓಂ" ಕೂಡ ಇದೆ. ಪಠಣ ಶುರು ಮಾಡುವಾಗ ಹರಿಃ ಓಂ ಅನ್ನುತ್ತಾರೆ. ನಿಂತು ಮತ್ತೆ ಶುರುವಾದರೆ ಪುನಶ್ಚ, ಅಂದರೆ ಮತ್ತೊಮ್ಮೆ. ತಿಲಕರು ರಾಜದ್ರೋಹದ ಶಿಕ್ಷೆಯಿಂದ ಹೊರಬಂದು 1899ರಲ್ಲಿ ಕೇಸರಿ ಪತ್ರಿಕೆಯಲ್ಲಿ ಮತ್ತೆ ಬರೆಯತೊಡಗಿದಾಗ ಲೇಖನಕ್ಕೆ ಇಟ್ಟ ತಲೆಬರಹ ಇದೇ. ಅಲ್ಲಿ ಅದು ಬಿಟ್ಟಲ್ಲಿಂದ ಹೊರಟದ್ದು ಅಂತ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ವಾಚನಪ್ರಿಯೆ:
ಎಲ್ಲ ಓದಿದೆವು, ಗುಂಪಿನಲ್ಲೂ ಹಂಚಿದೆವು. ನೋಟಿಸ್ ಹೀಗಾಯಿತು: "ಭಾರತ ವಾಚನ ಪುನರಾರಂಭ. ವಿರಾಟಪರ್ವದಲ್ಲಿ ನಿಂತಲ್ಲಿಂದ ಮುಂದಕ್ಕೆ. ಹೊಸಬರಿಗಾಗಿ ಮೊದಲ ದಿನ ಹಿಂದಿನ ಕಥೆಯ ಸಾರಾಂಶ." ಎರಡನೇ ಸಾಲು ಹಾಕಿದ ಮೇಲೆ ಯಾರೂ ಪ್ರಶ್ನೆ ಕೇಳಲಿಲ್ಲ.

ಪರದೆಯ ಕನ್ನಡ:
ಆ ಎರಡನೇ ಸಾಲಿಗೆ ಒಂದು ನಮಸ್ಕಾರ ಮೇಡಂ. ಎಲ್ಲಿಂದ ಅಂತ ಹೇಳದೆ ಮತ್ತೆ ಶುರು ಅಂತ ಬರೆಯಲೇಬಾರದು, ನಾನು ಇಷ್ಟು ದಿನ ತಂಡದಲ್ಲಿ ವಾದ ಮಾಡುತ್ತಿರುವುದೂ ಇದನ್ನೇ.

ಕಷಾಯ:
ತಡವಾಗಿ ಬಂದೆ. ಒಂದು ಅನುಮಾನ. ಜ್ವರ ಬಿಟ್ಟು ಮತ್ತೆ ಬಂದರೆ "ಜ್ವರ ಪುನರಾರಂಭವಾಯಿತು" ಅಂತ ಒಂದು ಆರೋಗ್ಯ ಲೇಖನದಲ್ಲಿ ಓದಿದೆ. ಕಿವಿಗೆ ಒಗ್ಗಲಿಲ್ಲ. ಯಾಕೆ?

ಕರಡು ತಿದ್ದುವವ:
ಒಗ್ಗುವುದಿಲ್ಲ, ಯಾಕಂದರೆ ಆರಂಭಕ್ಕೆ ಅದನ್ನು ಮಾಡುವವರು ಒಬ್ಬರು ಬೇಕು. ಶಾಲೆ, ಸಭೆ, ಬಸ್ ಸಂಚಾರ, ಕಾಮಗಾರಿ, ಮಾತುಕತೆ, ಇವನ್ನೆಲ್ಲ ಯಾರೋ ನಿಲ್ಲಿಸುತ್ತಾರೆ, ಯಾರೋ ಶುರು ಮಾಡುತ್ತಾರೆ. ಜ್ವರವನ್ನು ಯಾರೂ ಶುರು ಮಾಡುವುದಿಲ್ಲ, ಅದಾಗಿ ಬರುತ್ತದೆ. ಅದಕ್ಕೆ ಕನ್ನಡದಲ್ಲಿ ಒಳ್ಳೆ ಮಾತಿದೆ, ಮರುಕಳಿಸು. ಜ್ವರ ಮರುಕಳಿಸಿತು, ನೋವು ಮರುಕಳಿಸಿತು. ಮಳೆಗಾದರೆ ಮತ್ತೆ ಹಿಡಿಯಿತು. ಗಲಭೆಗೂ ಮರುಕಳಿಸು ಹೊಂದುತ್ತದೆ, ಬೇಡದೆ ಬಂದದ್ದು ಅನ್ನುವ ಧ್ವನಿ ಅದರಲ್ಲೇ ಇದೆ. ಹಾಗಾಗಿ "ತರಗತಿ ಮರುಕಳಿಸಿದವು" ಅಂತ ಯಾರೂ ಬರೆಯುವುದಿಲ್ಲ.

ಕಷಾಯ:
ಚೆನ್ನಾಗಿ ಬಿಡಿಸಿ ಹೇಳಿದಿರಿ ಸರ್. ಕೊನೆಯದಾಗಿ, ಮೇಲೆ ನೀವು "ಮತ್ತೆ ಪುನರಾರಂಭ" ಕಂಡರೆ ತಿದ್ದುತ್ತೇನೆ ಅಂದಿರಿ. ಕೆಲಸ ನಿಂತಿತು, ಪುನರಾರಂಭವಾಯಿತು, ಮತ್ತೆ ನಿಂತಿತು, ಆಮೇಲೆ ಮತ್ತೆ ಪುನರಾರಂಭವಾಯಿತು. ಇಲ್ಲೂ ತಪ್ಪಾ?

ಕರಡು ತಿದ್ದುವವ:
ಇಲ್ಲ, ಇಲ್ಲಿ ಸರಿ. ಪುನರಾರಂಭವೇ ಎರಡನೇ ಸಲ ಆಗಿದೆ, ಅದನ್ನು ಹೇಳಲು ಮತ್ತೆ ಬೇಕೇ ಬೇಕು. ಆದರೆ ನಡುವೆ ಒಮ್ಮೆ ಶುರುವಾಗಿ ನಿಂತದ್ದನ್ನೂ ಅದೇ ಸುದ್ದಿಯಲ್ಲಿ ಬರೆದಿರಬೇಕು. ಇಲ್ಲದಿದ್ದರೆ ನನ್ನ ಹಾಗೆ ಕರಡು ತಿದ್ದುವವರು ಅದನ್ನು ಹೊಡೆದುಹಾಕುತ್ತಾರೆ.